ಕಾಲಿಗೆ ಬಾರದ ರಕ್ತ: ಕಾಲವಿರುವಾಗಲೇ ಚಿಕಿತ್ಸೆ

ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಾಲಿನ ರಕ್ತಸಂಚಾರ ಬಹುಕಾಲದಿಂದ ಕುಗ್ಗಿರುವವರ ಪಾಲಿಗೆ ಈ ಮಾತು ಅಕ್ಷರಶಃ ಸತ್ಯ. ಹೆಬ್ಬೆರಳಿನ ಉಗುರು ಕತ್ತರಿಸುವಾಗ ತಗುಲಿದ ಸಣ್ಣ ಗಾಯ ಒಣಗದೆ ಹುಣ್ಣಾಗುತ್ತದೆ, ಹುಣ್ಣು ಕಪ್ಪಾಗುತ್ತದೆ, ಬೆರಳನ್ನು ತೆಗೆಯಬೇಕಾಗುತ್ತದೆ, ತೆಗೆದ ಜಾಗವೂ ಮಾಯುವುದಿಲ್ಲ, ಕೊನೆಗೆ ಮೊಣಕಾಲಿನ ಕೆಳಗೋ ಮೇಲೋ ಕಾಲನ್ನೇ ಕತ್ತರಿಸುವ ಪ್ರಸಂಗ ಒದಗುತ್ತದೆ. ಉಗುರಿನಲ್ಲಿ ತೊಡಗಿದ್ದು ಕೊಡಲಿಯವರೆಗೆ ಹೋಗುವ ಈ ಹಾದಿಯಲ್ಲಿ ಸಾಮಾನ್ಯವಾಗಿ ಕೆಲವು ವಾರಗಳ, ಕೆಲವೊಮ್ಮೆ ಕೆಲವು ತಿಂಗಳ ಅವಕಾಶವಿರುತ್ತದೆ. ಆ ಅವಕಾಶ ಎಷ್ಟೋ ಬಾರಿ ವ್ಯರ್ಥವಾಗುವುದು ಚಿಕಿತ್ಸೆ ಇಲ್ಲವೆಂದಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದ ಹೊತ್ತಿನಲ್ಲಿ ಯಾರೂ ಕೇಳಲಿಲ್ಲವೆಂದು. ‘ಈ ಕಾಲಿಗೆ ರಕ್ತ ಎಷ್ಟು ಬರುತ್ತಿದೆ? ಅದನ್ನು ಹೆಚ್ಚಿಸಲು ಸಾಧ್ಯವೇ?’ ಎಂಬುದೇ ಆ ಪ್ರಶ್ನೆ.

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ವಿಷಯ ದೂರದ್ದಲ್ಲ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆ ಭಾಗದ ಅನೇಕರಿಗೆ ದೊಡ್ಡಾಸ್ಪತ್ರೆ ಎಂದರೆ ಮೂಸಿ ನದಿಯ ದಡದ ಉಸ್ಮಾನಿಯಾ ಆಸ್ಪತ್ರೆಯೇ ಆಗಿತ್ತು. ರಾಜ್ಯಗಳ ಗಡಿ ಬದಲಾಯಿತು. ರೋಗಿಗಳ ದಾರಿ ಬದಲಾಗಲಿಲ್ಲ. ಇಂದಿಗೂ ಊರಿನಲ್ಲಿರುವ ತಂದೆಯ, ಅತ್ತೆಯ, ದೊಡ್ಡಪ್ಪನ ಕಾಯಿಲೆ ಉಲ್ಬಣಿಸಿದಾಗ ಅವರನ್ನು ಹೈದರಾಬಾದಿನಲ್ಲಿರುವ ಮಗನ ಮನೆಗೋ ಅಳಿಯನ ಮನೆಗೋ ಕರೆತರುವುದು ವಾಡಿಕೆ. ಹಾಗೆ ಬಂದ ಹಿರಿಯರ ಪಾದದ ಮೇಲಿನ ಬಟ್ಟೆಯ ಪಟ್ಟಿಯನ್ನು ಬಿಚ್ಚಿದಾಗಲೇ ಮನೆಯವರಿಗೆ ವಿಷಯದ ಗಾಂಭೀರ್ಯ ತಿಳಿಯುತ್ತದೆ. ಆದುದರಿಂದ ಈ ರೋಗದ ಸ್ವರೂಪವನ್ನೂ ಇಂದು ಲಭ್ಯವಿರುವ ಚಿಕಿತ್ಸೆಗಳನ್ನೂ ಪ್ರತಿಯೊಂದು ಮನೆಯಲ್ಲಿ ಒಬ್ಬರಾದರೂ ಅರಿತಿರುವುದು ಅವಶ್ಯಕ.

ರಕ್ತದ ಹಾದಿಯಲ್ಲಿ ತಡೆ

ಹೃದಯದಿಂದ ಹೊರಟ ಮಹಾಧಮನಿ ಹೊಕ್ಕುಳಿನ ಮಟ್ಟದಲ್ಲಿ ಇಬ್ಭಾಗವಾಗಿ ಒಂದೊಂದು ಕಾಲಿಗೆ ಒಂದೊಂದು ಕವಲು ಇಳಿಯುತ್ತದೆ. ತೊಡೆಸಂದು, ತೊಡೆ, ಮೊಣಕಾಲಿನ ಹಿಂಬದಿ ಇವುಗಳನ್ನು ಹಾದು, ಮೊಣಕಾಲಿನ ಕೆಳಗೆ ಮೂರು ಸಣ್ಣ ಅಪಧಮನಿಗಳಾಗಿ ಒಡೆದು ಪಾದವನ್ನು ಸೇರುತ್ತದೆ. ಶುದ್ಧರಕ್ತವನ್ನು ಒಯ್ಯುವ ಈ ನಾಳಗಳ ಒಳಗೋಡೆಯಲ್ಲಿ ವರ್ಷಾನುಗಟ್ಟಲೆ ಕೊಬ್ಬು, ಸುಣ್ಣ, ನಾರು ಸಂಗ್ರಹವಾಗಿ ಹಾದಿ ಕಿರಿದಾಗುವುದೇ ಬಹುತೇಕ ರೋಗಿಗಳಲ್ಲಿ ತೊಂದರೆಯ ಮೂಲ. ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ಕಾರಣವಾಗುವ ವಿಕಾರವೇ ಇದು. ಆದ್ದರಿಂದ ಕಾಲಿನ ನಾಳ ಕಟ್ಟಿಕೊಂಡವರಿಗೆ ಹೃದಯದ ಅಪಾಯವೂ ಇದ್ದೇ ಇದೆಯೆಂದು ವೈದ್ಯರು ಭಾವಿಸುತ್ತಾರೆ.

ರೋಗದ ಪ್ರಮುಖ ಕಾರಣಗಳು ಧೂಮಪಾನ, ಮಧುಮೇಹ, ಅಧಿಕ ರಕ್ತದೊತ್ತಡ, ರಕ್ತದಲ್ಲಿನ ಕೊಬ್ಬಿನಂಶ, ಮೂತ್ರಪಿಂಡಗಳ ವೈಫಲ್ಯ ಮತ್ತು ವಯಸ್ಸು. ಇವುಗಳಲ್ಲಿ ಮೊದಲನೆಯ ಎರಡರ ಪಾತ್ರ ಎಲ್ಲಕ್ಕಿಂತ ಹಿರಿದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳಿದ್ದಾರೆ. ಮಧುಮೇಹವು ವಿಶೇಷವಾಗಿ ಮೊಣಕಾಲಿನ ಕೆಳಗಿನ ಸಣ್ಣ ನಾಳಗಳನ್ನು ಕೆಡಿಸುತ್ತದೆ. ಜೊತೆಗೆ ಪಾದದ ಸ್ಪರ್ಶಜ್ಞಾನವನ್ನೂ ಕುಗ್ಗಿಸುತ್ತದೆ. ಮುಳ್ಳು ಚುಚ್ಚಿದರೂ ಚಪ್ಪಲಿ ಉಜ್ಜಿದರೂ ರೋಗಿಗೆ ಅರಿವಾಗುವುದಿಲ್ಲ. ನೋವು ಎಂಬ ಕಾವಲುಗಾರ ನಿದ್ರಿಸಿದಾಗ ಹುಣ್ಣು ಎಂಬ ಕಳ್ಳ ಒಳಹೊಗುತ್ತಾನೆ.

ತಂಬಾಕಿನ ವಿಷಯದಲ್ಲಿ ಹೈದರಾಬಾದಿಗೂ ತನ್ನದೇ ಆದ ಇತಿಹಾಸವಿದೆ. ಚಾರ್‌ಮಿನಾರ್ ಹೆಸರಿನ ಸಿಗರೇಟು ದೇಶದ ಮೂಲೆ ಮೂಲೆಗೂ ಹೋದದ್ದು ಈ ಊರಿನಿಂದಲೇ. ತೆಲಂಗಾಣದ ನಿಜಾಮಾಬಾದ್, ಕರೀಂನಗರಗಳಲ್ಲಿಯೂ ಕರ್ನಾಟಕದ ಕರಾವಳಿಯಲ್ಲಿಯೂ ಬೀಡಿ ಕಟ್ಟುವುದು ಸಾವಿರಾರು ಮನೆಗಳ ಜೀವನೋಪಾಯ. ಬೀಡಿ, ಸಿಗರೇಟು ಸೇದುವವರಲ್ಲಿ, ಅದರಲ್ಲಿಯೂ 45 ವರ್ಷದೊಳಗಿನ ಗಂಡಸರಲ್ಲಿ, ಕಾಣಿಸುವ ಇನ್ನೊಂದು ಬಗೆಯ ರೋಗವಿದೆ. ಅಮೆರಿಕದ ವೈದ್ಯ ಲಿಯೋ ಬರ್ಗರ್ 1908ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಅವರ ಹೆಸರೇ ಉಳಿದಿದೆ. ಇಲ್ಲಿ ಕೊಬ್ಬು ಕಟ್ಟುವುದಕ್ಕಿಂತ ಹೆಚ್ಚಾಗಿ ಕೈಕಾಲುಗಳ ಸಣ್ಣ ನಾಳಗಳು ಉರಿಯೂತಗೊಂಡು, ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುತ್ತವೆ. ತಂಬಾಕನ್ನು ಸಂಪೂರ್ಣವಾಗಿ ಬಿಟ್ಟವರಲ್ಲಿ ಈ ರೋಗ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ದಿನಕ್ಕೆ ಒಂದೆರಡು ಬೀಡಿ ಉಳಿಸಿಕೊಂಡವರಲ್ಲಿಯೂ ಮುಂದುವರಿಯುತ್ತದೆ. ‘ಕಡಿಮೆ ಮಾಡಿದ್ದೇನೆ’ ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ.

ರೋಗದ ಮೂರು ಮೆಟ್ಟಿಲುಗಳು

ಮೊದಲನೆಯ ಮೆಟ್ಟಿಲು ನಡೆಯುವಾಗ ಬರುವ ನೋವು. ಒಂದಿಷ್ಟು ದೂರ ನಡೆದೊಡನೆ ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡು ಮೂರು ನಿಮಿಷ ನಿಂತರೆ ಬಿಡುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಬರುತ್ತದೆ. ‘ಕಾಲು ಸೆಳೀತಾವ’ ಎಂದು ಹಿರಿಯರು ಎಣ್ಣೆ ತಿಕ್ಕಿಸಿಕೊಂಡು ಸುಮ್ಮನಾಗುತ್ತಾರೆ. ವಾತವೆಂದೂ ವಯಸ್ಸಿನ ಸಹಜ ಧರ್ಮವೆಂದೂ ಮನೆಯವರು ತಿಳಿಯುತ್ತಾರೆ. ಬೆನ್ನುಮೂಳೆಯ ತೊಂದರೆಯಿಂದ ಬರುವ ನೋವು ಕುಳಿತಾಗ ಅಥವಾ ಮುಂದಕ್ಕೆ ಬಾಗಿದಾಗ ಇಳಿಯುತ್ತದೆ; ರಕ್ತದ ಕೊರತೆಯ ನೋವಿಗೆ ಸುಮ್ಮನೆ ನಿಂತರೆ ಸಾಕು. ಈ ಹಂತದಲ್ಲಿರುವ ಬಹುತೇಕರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ತಂಬಾಕನ್ನು ತ್ಯಜಿಸಿ, ಔಷಧಿಗಳನ್ನು ಕ್ರಮವಾಗಿ ಸೇವಿಸಿ, ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸವನ್ನು ವೈದ್ಯರ ಸಲಹೆಯಂತೆ ಮಾಡಿದರೆ ನಡೆಯುವ ದೂರ ಹೆಚ್ಚುತ್ತದೆ.

ಎರಡನೆಯದು ವಿಶ್ರಾಂತಿಯಲ್ಲಿಯೂ ಬರುವ ನೋವು. ರಾತ್ರಿ ಮಲಗಿದ ಮೇಲೆ ಬೆರಳುಗಳಲ್ಲಿ, ಪಾದದ ಮುಂಭಾಗದಲ್ಲಿ ಸಹಿಸಲಾಗದ ಉರಿ, ಸಿಡಿತ. ರೋಗಿ ಎದ್ದು ಕುಳಿತು ಕಾಲನ್ನು ಮಂಚದಿಂದ ಕೆಳಗೆ ಇಳಿಬಿಡುತ್ತಾನೆ. ಭೂಮಿಯ ಸೆಳೆತದಿಂದ ತುಸು ರಕ್ತ ಇಳಿದು ಬಂದು ನೋವು ಶಮನವಾಗುತ್ತದೆ. ಮನೆಯ ಹಿರಿಯರೊಬ್ಬರು ಕಾಲು ಇಳಿಬಿಟ್ಟುಕೊಂಡು ಕುರ್ಚಿಯಲ್ಲಿಯೇ ರಾತ್ರಿ ಕಳೆಯತೊಡಗಿದರೆ ಅದನ್ನು ಕೇವಲ ನಿದ್ರಾಹೀನತೆ ಎಂದು ಬಗೆಯಬಾರದು.

ಮೂರನೆಯದು ಮಾಯದ ಹುಣ್ಣು ಮತ್ತು ಕಪ್ಪಾದ ಬೆರಳು. ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳನ್ನು ಒಟ್ಟಾಗಿ, ಎರಡು ವಾರಕ್ಕೂ ಮೀರಿ ಉಳಿದಿದ್ದರೆ, ಕಾಲಿಗೇ ಅಪಾಯ ತರುವ ದೀರ್ಘಕಾಲಿಕ ರಕ್ತಕೊರತೆ ಎಂದು ವೈದ್ಯವಿಜ್ಞಾನ ಗುರುತಿಸುತ್ತದೆ. ರಕ್ತಸಂಚಾರವನ್ನು ಸರಿಪಡಿಸದೆ ಬಿಟ್ಟ ಇಂಥ ರೋಗಿಗಳಲ್ಲಿ ಐವರಲ್ಲಿ ಒಬ್ಬರಿಗೂ ಹೆಚ್ಚು ಜನ ಒಂದು ವರ್ಷದೊಳಗೆ ಕಾಲನ್ನು ಕಳೆದುಕೊಳ್ಳುತ್ತಾರೆ; ಹೆಚ್ಚುಕಡಿಮೆ ಅಷ್ಟೇ ಜನ ಪ್ರಾಣವನ್ನೂ ಕಳೆದುಕೊಳ್ಳುತ್ತಾರೆ. ಮಧುಮೇಹಿಗಳಲ್ಲಿ ಮೊದಲ ಎರಡು ಮೆಟ್ಟಿಲುಗಳು ಕಾಣಿಸದೆಯೇ ನೇರವಾಗಿ ಮೂರನೆಯದು ಎದುರಾಗಬಹುದು. ಸ್ಪರ್ಶವೇ ಇಲ್ಲದ ಪಾದಕ್ಕೆ ನೋವೆಲ್ಲಿಯದು?

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಕಾಲಿನಲ್ಲಿ ಉಬ್ಬಿಕೊಳ್ಳುವ ಅಶುದ್ಧ ರಕ್ತನಾಳಗಳ ತೊಂದರೆ ಬೇರೆ, ಇದು ಬೇರೆ. ಅಲ್ಲಿ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟರೆ ಹಿತ, ಬಿಗಿಯಾದ ಕಾಲುಚೀಲದಿಂದ ಪ್ರಯೋಜನ. ಇಲ್ಲಿ ಅವೆರಡರಿಂದಲೂ ಕೇಡು. ನೆರೆಮನೆಯವರಿಗೆ ಬರೆದುಕೊಟ್ಟ ಕಾಲುಚೀಲವನ್ನು ತಂದು ತಂದೆಯವರಿಗೆ ತೊಡಿಸುವುದು ಸರ್ವಥಾ ಸಲ್ಲದು. ಎರಡನೆಯದಾಗಿ, ಕಾಲು ಥಟ್ಟನೆ ತಣ್ಣಗಾಗಿ, ಬಿಳಿಚಿಕೊಂಡು, ಜೋಮು ಹಿಡಿದು, ತೀವ್ರ ನೋವು ಬಂದರೆ ಅದು ಹಠಾತ್ತಾಗಿ ನಾಳ ಮುಚ್ಚಿದುದರ ಲಕ್ಷಣ. ಅಲ್ಲಿ ದಿನಗಳ ಲೆಕ್ಕವಿಲ್ಲ, ಗಂಟೆಗಳ ಲೆಕ್ಕ ಮಾತ್ರ. ಸುಮಾರು 6 ಗಂಟೆಯೊಳಗೆ ರಕ್ತಸಂಚಾರ ಮರಳದಿದ್ದರೆ ಕಾಲು ಉಳಿಯುವ ಸಂಭವ ಬೇಗ ಬೇಗ ಕಡಿಮೆಯಾಗುತ್ತದೆ.

ಪರೀಕ್ಷೆ: ಒಂದು ಸರಳ ಲೆಕ್ಕ

ಪಾದದ ಮೇಲ್ಭಾಗದಲ್ಲಿಯೂ ಕಣಕಾಲಿನ ಒಳಗುಬ್ಬಿಯ ಹಿಂದೆಯೂ ನಾಡಿ ಮಿಡಿಯುವುದನ್ನು ಬೆರಳಿನಿಂದ ಮುಟ್ಟಿ ನೋಡಬಹುದು. ಪಾದದಲ್ಲಿ ಹುಣ್ಣಿರುವ ರೋಗಿಯ ನಾಡಿಯನ್ನು ಮುಟ್ಟಿ ನೋಡದೆ ಕೇವಲ ಹುಣ್ಣನ್ನು ತೊಳೆದು ಪಟ್ಟಿ ಕಟ್ಟಿದರೆ ಪರೀಕ್ಷೆ ಅಪೂರ್ಣ. ಮುಂದಿನ ಹೆಜ್ಜೆ ಕೈಯ ಮತ್ತು ಕಣಕಾಲಿನ ರಕ್ತದೊತ್ತಡಗಳ ಹೋಲಿಕೆ. ಇದಕ್ಕೆ ಬೇಕಾದುದು ರಕ್ತದೊತ್ತಡ ಅಳೆಯುವ ಸಾಮಾನ್ಯ ಉಪಕರಣ ಮತ್ತು ನಾಡಿಯ ಶಬ್ದವನ್ನು ಕೇಳಿಸುವ ಡಾಪ್ಲರ್ ಎಂಬ ಕೈಯಳತೆಯ ಯಂತ್ರ. ಕಣಕಾಲಿನ ಅಂಕಿಯನ್ನು ಕೈಯ ಅಂಕಿಯಿಂದ ಭಾಗಿಸಬೇಕು. ಕೈಯಲ್ಲಿ 140, ಕಣಕಾಲಿನಲ್ಲಿ 147 ಇದ್ದರೆ ಭಾಗಲಬ್ಧ 1.05, ಇದು ಆರೋಗ್ಯದ ಲಕ್ಷಣ. 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳಗಳಲ್ಲಿ ತಡೆಯಿದೆ ಎಂದು ಅರ್ಥ. ಕೈಯಲ್ಲಿ 140 ಇದ್ದು ಕಣಕಾಲಿನಲ್ಲಿ 56 ಮಾತ್ರ ಇದ್ದರೆ ಭಾಗಲಬ್ಧ 0.40, ಕೊರತೆ ತೀವ್ರವಾಗಿದೆ. ಕಣಕಾಲಿನ ಒತ್ತಡ 50ಕ್ಕಿಂತ ಕೆಳಗಿದ್ದರೆ ಹುಣ್ಣು ತಾನಾಗಿ ಮಾಯುವ ಆಸೆ ತೀರ ಕಡಿಮೆ.

ಈ ಲೆಕ್ಕ ಮಧುಮೇಹಿಗಳಲ್ಲಿಯೂ ಮೂತ್ರಪಿಂಡದ ರೋಗಿಗಳಲ್ಲಿಯೂ ಮೋಸ ಮಾಡುವುದುಂಟು. ಸುಣ್ಣಗಟ್ಟಿ ಗಡುಸಾದ ನಾಳ ಪಟ್ಟಿಯ ಒತ್ತಡಕ್ಕೆ ಬಗ್ಗದೆ ಅಂಕಿ 1.40ಕ್ಕೂ ಮೇಲೆ ಹೋಗಬಹುದು. ಪುಸ್ತಕದಲ್ಲಿ ಜಮಾ ಕಂಡರೂ ಪೆಟ್ಟಿಗೆಯಲ್ಲಿ ಹಣವಿಲ್ಲದ ಸ್ಥಿತಿ ಇದು. ಆಗ ಕಾಲ್ಬೆರಳಿನ ಒತ್ತಡವನ್ನು ಅಳೆಯುತ್ತಾರೆ; ಅದು 30ಕ್ಕಿಂತ ಕಡಿಮೆಯಿದ್ದರೆ ಕಾಲು ಅಪಾಯದಲ್ಲಿದೆ. ಅನಂತರ ಶಬ್ದತರಂಗಗಳ ಡಾಪ್ಲರ್ ಸ್ಕ್ಯಾನ್, ಬಣ್ಣದ್ರವ ಹಾಯಿಸಿ ತೆಗೆಯುವ ಸಿ.ಟಿ. ಆಂಜಿಯೋಗ್ರಾಂ ಮೊದಲಾದವುಗಳಿಂದ ತಡೆ ಎಲ್ಲಿದೆ, ಎಷ್ಟು ಉದ್ದವಿದೆ ಎಂಬ ನಕಾಶೆ ದೊರೆಯುತ್ತದೆ. ಬಣ್ಣದ್ರವ ಮೂತ್ರಪಿಂಡಗಳಿಗೆ ತೊಂದರೆ ಕೊಡಬಲ್ಲುದಾದ್ದರಿಂದ ಮೊದಲು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡುವರು.

ನಾಳ ತೆರೆಯುವ ಎರಡು ಮಾರ್ಗಗಳು

ಮುಚ್ಚಿದ ನಾಳವನ್ನು ಬಿಟ್ಟು ಹೊಸ ಹಾದಿಯೊಂದನ್ನು ನಿರ್ಮಿಸುವುದು ಮೊದಲನೆಯ ಮಾರ್ಗ. 1948ರಲ್ಲಿ ಪ್ಯಾರಿಸಿನ ಶಸ್ತ್ರವೈದ್ಯ ಜ್ಯಾನ್ ಕುನ್ಲಿನ್ ಅವರು ರೋಗಿಯ ಕಾಲಿನ ಚರ್ಮದಡಿಯ ಅಭಿಧಮನಿಯನ್ನೇ ಬಳಸಿ, ಮುಚ್ಚಿದ ಅಪಧಮನಿಯ ಮೇಲಿಂದ ಕೆಳಕ್ಕೆ ಸೇತುವೆಯಂತೆ ಜೋಡಿಸಿದರು. ಬೈಪಾಸ್ ಎಂದು ಇಂದು ಎಲ್ಲರ ಬಾಯಲ್ಲಿರುವ ಶಸ್ತ್ರಕ್ರಿಯೆ ಕಾಲಿಗೆ ಬಂದದ್ದು ಹೀಗೆ.

ಎರಡನೆಯ ಮಾರ್ಗದ ಕಥೆ ಇನ್ನೂ ಸ್ವಾರಸ್ಯಕರ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ 80 ದಾಟಿದ ವೃದ್ಧೆಯೊಬ್ಬಳು ಆಸ್ಪತ್ರೆಯಲ್ಲಿದ್ದಳು. ಬೆರಳುಗಳು ಕೊಳೆಯತೊಡಗಿದ್ದವು. ಕಾಲು ತೆಗೆಯಬೇಕೆಂದು ಶಸ್ತ್ರವೈದ್ಯರು ಹೇಳಿದರು. ಆಕೆ ಖಂಡಿತವಾಗಿ ಒಪ್ಪಲಿಲ್ಲ. ಕ್ಷಕಿರಣ ತಜ್ಞ ಚಾರ್ಲ್ಸ್ ಡಾಟರ್ ಅವರು ತೊಡೆಯ ಅಪಧಮನಿಯೊಳಗೆ ತಂತಿಯನ್ನು ಹಾಯಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನಾದ ಕೊಳವೆಗಳನ್ನು ತೂರಿಸಿ, ಕಿರಿದಾದ ಭಾಗವನ್ನು ಅಗಲ ಮಾಡಿದರು. ತಣ್ಣಗಿದ್ದ ಪಾದ ಬೆಚ್ಚಗಾಯಿತು, ಹುಣ್ಣುಗಳು ಮಾಯ್ದವು. ಮುಂದೆ ಬದುಕಿದ್ದಷ್ಟು ಕಾಲ ಆಕೆ ತನ್ನ ಕಾಲುಗಳ ಮೇಲೆಯೇ ನಡೆದಳು. 1974ರಲ್ಲಿ ಜೂರಿಕ್ ನಗರದ ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು ಕೊಳವೆಯ ತುದಿಗೆ ಬಲೂನನ್ನು ಅಳವಡಿಸಿ ಅದನ್ನು ಕಾಲಿನ ನಾಳದಲ್ಲಿ ಬಳಸಿದರು. ಹೃದಯಕ್ಕೆ ಆ ಬಲೂನು ಹೋದದ್ದು 1977ರಲ್ಲಿ. ಹೃದಯದ ಆಂಜಿಯೋಪ್ಲಾಸ್ಟಿಯನ್ನು ಬಲ್ಲ ಎಷ್ಟೋ ಮಂದಿಗೆ ಅದು ಮೊದಲು ಕಾಲಿನಲ್ಲಿ ನಡೆಯಿತೆಂಬುದು ತಿಳಿಯದು. ಹೃದಯದ ಕೊಳವೆ ತೆರೆಸಲು ಸಾಲ ಮಾಡಿಯಾದರೂ ಧಾವಿಸುವ ಮನೆಯವರು ಕಾಲಿನ ವಿಷಯದಲ್ಲಿ ‘ಕತ್ತರಿಸುವುದೊಂದೇ ದಾರಿ’ ಎಂದರೆ ಮರುಮಾತಿಲ್ಲದೆ ಸಹಿ ಹಾಕುವುದು ಈ ಅಜ್ಞಾನದಿಂದಲೇ.

ಎರಡರಲ್ಲಿ ಯಾವುದು ಮೇಲು? ಬಲೂನಿನ ಚಿಕಿತ್ಸೆಗೆ ದೊಡ್ಡ ಗಾಯವಿಲ್ಲ, ಪೂರ್ಣ ಅರಿವಳಿಕೆ ಸಾಮಾನ್ಯವಾಗಿ ಬೇಡ. ಹೃದಯ ದುರ್ಬಲವಾದವರೂ ತಾಳಿಕೊಳ್ಳಬಲ್ಲರು. ಆದರೆ ತೆರೆದ ನಾಳ ಮತ್ತೆ ಮುಚ್ಚುವ ಸಂಭವವಿದೆ. ಬೈಪಾಸ್ ದೊಡ್ಡ ಶಸ್ತ್ರಕ್ರಿಯೆ. ಆದರೆ ಒಳ್ಳೆಯ ಅಭಿಧಮನಿ ದೊರೆತರೆ ದೀರ್ಘಕಾಲ ಬಾಳುತ್ತದೆ. 2022ರಲ್ಲಿ ಪ್ರಕಟವಾದ, 1,830 ರೋಗಿಗಳನ್ನು ಒಳಗೊಂಡ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಉತ್ತಮ ಅಭಿಧಮನಿಯುಳ್ಳವರ ಪೈಕಿ ಕಾಲಿಗೆ ಮತ್ತೆ ದೊಡ್ಡ ತೊಂದರೆಯಾದವರು ಅಥವಾ ಮೃತರಾದವರು ಬೈಪಾಸ್ ಗುಂಪಿನಲ್ಲಿ ಶೇ. 42.6, ಬಲೂನಿನ ಗುಂಪಿನಲ್ಲಿ ಶೇ. 57.4. ಆದರೆ 2023ರಲ್ಲಿ ಹೊರಬಂದ, ಮುಖ್ಯವಾಗಿ ಬ್ರಿಟನ್ನಿನಲ್ಲಿ ನಡೆದ, 345 ರೋಗಿಗಳ ಅಧ್ಯಯನದ ಫಲ ಬೇರೆ. ಮೊಣಕಾಲಿನ ಕೆಳಗಿನ ನಾಳಗಳಿಗೂ ಚಿಕಿತ್ಸೆ ಬೇಕಾದವರಲ್ಲಿ ಕಾಲನ್ನೋ ಪ್ರಾಣವನ್ನೋ ಕಳೆದುಕೊಂಡವರು ಬೈಪಾಸ್ ಗುಂಪಿನಲ್ಲಿ ಶೇ. 63, ಬಲೂನಿನ ಗುಂಪಿನಲ್ಲಿ ಶೇ. 53. ಎರಡೂ ಅಂಕಿಗಳನ್ನು ಒಟ್ಟಿಗೆ ಓದಿದಾಗ ಹೊಳೆಯುವ ಸಂಗತಿ ಇಷ್ಟೇ: ಎಲ್ಲರಿಗೂ ಒಂದೇ ಚಿಕಿತ್ಸೆ ಎಂಬುದಿಲ್ಲ. ರೋಗಿಯ ವಯಸ್ಸು, ಹೃದಯ ಮೂತ್ರಪಿಂಡಗಳ ಸ್ಥಿತಿ, ಹುಣ್ಣಿನ ಆಳ, ತಡೆಯ ಜಾಗ, ಅಭಿಧಮನಿಯ ಗುಣ ಇವನ್ನೆಲ್ಲ ತೂಗಿ ನಿರ್ಧರಿಸಬೇಕು. ಆದ್ದರಿಂದ ಎರಡೂ ಬಗೆಯ ಚಿಕಿತ್ಸೆಗಳನ್ನು ಬಲ್ಲ ರಕ್ತನಾಳ ತಜ್ಞರಿರುವ ಆಸ್ಪತ್ರೆಗೆ ಹೋಗುವುದು ಲೇಸು.

ನಾಳ ತೆರೆದರೆ ಕೆಲಸ ಮುಗಿಯಲಿಲ್ಲ. ಆಸ್ಪಿರಿನ್ ಮುಂತಾದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಕೊಬ್ಬನ್ನಿಳಿಸುವ ಸ್ಟ್ಯಾಟಿನ್ ಮಾತ್ರೆ, ಸಕ್ಕರೆ ಮತ್ತು ರಕ್ತದೊತ್ತಡದ ಹತೋಟಿ ಇವು ಜೀವಾವಧಿ ಬೇಕು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ನಾಳ ತೆರೆಸಿಕೊಂಡವರಿಗೆ ಆಸ್ಪಿರಿನ್ ಜೊತೆಗೆ ರಿವರಾಕ್ಸಬಾನ್ ಎಂಬ ಔಷಧಿಯನ್ನು 2.5 ಮಿಲಿಗ್ರಾಂ ಪ್ರಮಾಣದಲ್ಲಿ ದಿನಕ್ಕೆ ಎರಡು ಬಾರಿ ಕೊಟ್ಟಾಗ ಕಾಲಿನ ಮತ್ತು ಹೃದಯದ ಅಪಾಯಗಳು ಕಡಿಮೆಯಾದವು. ರಕ್ತಸ್ರಾವದ ಸಂಭವ ಮಾತ್ರ ತುಸು ಹೆಚ್ಚಿತು. ಇದನ್ನು ವೈದ್ಯರೇ ನಿರ್ಧರಿಸಬೇಕು. ಅಂಗಡಿಯಿಂದ ತಾವೇ ಕೊಂಡು ನುಂಗತಕ್ಕದ್ದಲ್ಲ.

ಯಾವುದು ಮೊದಲು, ಯಾವುದು ಅನಂತರ

ಈ ಇಡೀ ವಿಷಯದಲ್ಲಿ ಮನೆಯವರು ನೆನಪಿಡಬೇಕಾದ ಮುಖ್ಯಾಂಶ ಕ್ರಮದ್ದು. ಹುಣ್ಣಿನಲ್ಲಿ ಕೀವು ತುಂಬಿ, ಜ್ವರ ಬಂದು, ಸೋಂಕು ಮೇಲೇರುತ್ತಿದ್ದರೆ ತಡಮಾಡದೆ ಕೀವನ್ನು ಹೊರಹಾಕಬೇಕು. ಆಗ ಪ್ರಾಣ ಮುಖ್ಯ. ಆದರೆ ಬೆರಳು ಒಣಗಿ ಕಪ್ಪಾಗಿದ್ದು, ಸೋಂಕು ಇಲ್ಲದಿದ್ದರೆ, ಮೊದಲು ರಕ್ತಸಂಚಾರ ಸರಿಪಡಿಸಿ ಅನಂತರ ಸತ್ತ ಭಾಗವನ್ನು ತೆಗೆಯುವುದು ಸರಿಯಾದ ಕ್ರಮ. ರಕ್ತವಿಲ್ಲದ ಪಾದದಲ್ಲಿ ಬೆರಳನ್ನು ಕತ್ತರಿಸಿದರೆ ಕತ್ತರಿಸಿದ ಗಾಯಕ್ಕೂ ರಕ್ತವಿರುವುದಿಲ್ಲ, ಅದೂ ಕಪ್ಪಾಗುತ್ತದೆ. ಬೆರಳಿನಿಂದ ಪಾದಕ್ಕೆ, ಪಾದದಿಂದ ಮೊಣಕಾಲಿಗೆ ಕತ್ತಿ ಮೇಲೇರುವುದು ಹೀಗೆ. ನೀರಿಲ್ಲದ ಗದ್ದೆಯಲ್ಲಿ ಒಣಗಿದ ಪೈರನ್ನು ಕೊಯ್ದು ಹಾಕಿದ ಮಾತ್ರಕ್ಕೆ ಉಳಿದ ಪೈರು ಚಿಗುರುವುದಿಲ್ಲ. ಕಾಲುವೆಯ ಹೂಳು ತೆಗೆಯಬೇಕು.

ಕಾಲು ತೆಗೆಯುವುದೇ ಅನಿವಾರ್ಯವಾಗುವ ಸಂದರ್ಭಗಳೂ ಇವೆ. ಸೋಂಕು ರಕ್ತಕ್ಕೇರಿದಾಗ, ಪಾದದ ಬಹುಭಾಗ ಸತ್ತುಹೋದಾಗ, ಜೋಡಿಸಲು ಯಾವ ನಾಳವೂ ಉಳಿಯದಾಗ ಶಸ್ತ್ರವೈದ್ಯರ ಮಾತನ್ನು ತಳ್ಳಿಹಾಕುವುದು ಪ್ರಾಣಕ್ಕೆ ಎರವು. ಆಗಲೂ ಮೊಣಕಾಲನ್ನು ಉಳಿಸಿಕೊಳ್ಳಲು ಸಾಧ್ಯವೇ ಎಂದು ಕೇಳಬೇಕು. ಮೊಣಕಾಲು ಉಳಿದವರಿಗೆ ಕೃತಕ ಕಾಲಿನ ಮೇಲೆ ನಡೆಯುವುದು ಬಹಳ ಸುಲಭ. 1968ರ ಸುಮಾರಿಗೆ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ. ಕೆ. ಸೇಠಿ ಇವರ ಶ್ರಮದಿಂದ ರೂಪುಗೊಂಡ ಜೈಪುರ ಪಾದ, ಬರಿಗಾಲಲ್ಲಿ ನಡೆಯುವ, ನೆಲದ ಮೇಲೆ ಕೂರುವ ಭಾರತೀಯರಿಗೆಂದೇ ಹುಟ್ಟಿದ್ದು.

ಬೆಂಗಳೂರಿನಿಂದ ಬಂದ ಹೊಸ ಪ್ರಯತ್ನ

ಬಲೂನೂ ಬೈಪಾಸೂ ಸಾಧ್ಯವಾಗದವರಿಗೆ ಏನು ಗತಿ? ಈ ದಿಕ್ಕಿನಲ್ಲಿ ಕರ್ನಾಟಕದ ಕೊಡುಗೆಯೊಂದು ಉಲ್ಲೇಖನೀಯ. ಮಣಿಪಾಲ ಸಮೂಹಕ್ಕೆ ಸೇರಿದ ಬೆಂಗಳೂರಿನ ಸ್ಟೆಂಪ್ಯುಟಿಕ್ಸ್ ಸಂಸ್ಥೆ, ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯಿಂದ ಪಡೆದ ಮೂಲಕೋಶಗಳನ್ನು ಬೆಳೆಸಿ ಸ್ಟೆಂಪ್ಯುಸೆಲ್ ಎಂಬ ಔಷಧಿಯನ್ನು ಸಿದ್ಧಪಡಿಸಿತು. ಅದನ್ನು ಮೀನಖಂಡದ ಸ್ನಾಯುವಿನಲ್ಲಿ ಹಲವು ಕಡೆ ಚುಚ್ಚಿ ಹಾಕುತ್ತಾರೆ. ಸಣ್ಣ ಸಣ್ಣ ಹೊಸ ನಾಳಗಳು ಬೆಳೆಯಲು ಅದು ನೆರವಾಗುತ್ತದೆಂಬುದು ಆಶಯ. ಬರ್ಗರ್ ರೋಗದಿಂದ ಬಂದ ತೀವ್ರ ರಕ್ತಕೊರತೆಗೆ 2016ರಲ್ಲಿ ಭಾರತದ ಔಷಧ ಮಹಾನಿಯಂತ್ರಕರಿಂದ ಅದಕ್ಕೆ ಮಿತವಾದ ಅನುಮತಿ ದೊರೆಯಿತು. 2020ರಲ್ಲಿ ಅನುಮತಿ ಇನ್ನಷ್ಟು ವಿಸ್ತಾರವಾಯಿತು. ಆದರೆ ಇದು ತೆರೆಯಬಹುದಾದ ನಾಳವನ್ನು ತೆರೆಯುವುದಕ್ಕೆ ಬದಲಿಯಲ್ಲ. ತಂಬಾಕು ಬಿಡದವನಿಗೆ ಇದರಿಂದಲೂ ರಕ್ಷೆಯಿಲ್ಲ. ಮೂಲಕೋಶದ ಹೆಸರಿನಲ್ಲಿ ಪತ್ರಿಕೆಗಳಲ್ಲಿ ಬರುವ ಎಲ್ಲ ಜಾಹೀರಾತುಗಳೂ ಅನುಮತಿ ಪಡೆದ ಚಿಕಿತ್ಸೆಗಳಲ್ಲ ಎಂಬುದನ್ನೂ ನೆನಪಿಡಬೇಕು.

ಹೈದರಾಬಾದಿನ ಸೌಕರ್ಯ, ಹಣದ ಮಾತು

ಪಂಜಾಗುಟ್ಟದ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ನಿಮ್ಸ್, 1960ರ ದಶಕದಲ್ಲಿ ಮೂಳೆರೋಗಗಳ ಆಸ್ಪತ್ರೆಯಾಗಿ ಜನ್ಮತಾಳಿತು. 1980ರ ದಶಕದಲ್ಲಿ ಉನ್ನತ ವೈದ್ಯಸಂಸ್ಥೆಯಾಗಿ ಬೆಳೆಯಿತು. ಅಲ್ಲಿ ರಕ್ತನಾಳ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ನಗರದ ಹಲವು ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿಯೂ ರಕ್ತನಾಳ ತಜ್ಞರಿದ್ದಾರೆ. ಬೆಂಗಳೂರಿಗೆ ಸಮೀಪದವರಿಗೆ ವಸಂತನಗರದ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ಇದಕ್ಕಾಗಿಯೇ ಮೀಸಲಾದ ರಕ್ತನಾಳ ಸಂಸ್ಥೆಯಿದೆ. ಬೀದರದಿಂದ ಹೈದರಾಬಾದಿಗೆ ಮೂರು ನಾಲ್ಕು ಗಂಟೆಯ ದಾರಿ. ಹುಣ್ಣು ಸಣ್ಣದಿರುವಾಗ ಈ ದಾರಿ ಸವೆಸಿದರೆ ಕಾಲು ಉಳಿಯುವ ಸಂಭವ ಹೆಚ್ಚು. ಜಾತ್ರೆ, ಸುಗ್ಗಿ, ಮದುವೆ ಮುಗಿಯಲೆಂದು ಕಾದರೆ ಅದೇ ದಾರಿ ಬಹಳ ಉದ್ದವಾಗುತ್ತದೆ.

ವೆಚ್ಚದ ಭಯವೇ ಅನೇಕರನ್ನು ತಡೆಯುತ್ತದೆ. ಅವಿಭಜಿತ ಆಂಧ್ರಪ್ರದೇಶದಲ್ಲಿ 2007ರಲ್ಲಿ ಆರಂಭವಾದ ಆರೋಗ್ಯಶ್ರೀ ಯೋಜನೆಯ ಮಿತಿಯನ್ನು ತೆಲಂಗಾಣ ಸರ್ಕಾರ 2023ರ ಡಿಸೆಂಬರಿನಲ್ಲಿ 10 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಅದು ತೆಲಂಗಾಣದ ಅರ್ಹ ಕುಟುಂಬಗಳಿಗೆ. ಊರಿನಲ್ಲಿರುವ ತಂದೆತಾಯಿಯರ ಪಡಿತರ ಚೀಟಿ ಕರ್ನಾಟಕದ್ದಾದರೆ ಅವರಿಗೆ ಅದು ಅನ್ವಯಿಸದು. ಕರ್ನಾಟಕದ ಯೋಜನೆಯಲ್ಲಿ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆದ್ದರಿಂದ ಊರು ಬಿಡುವ ಮುನ್ನವೇ ವಿಚಾರಿಸುವುದು ಒಳ್ಳೆಯದು. 70 ವರ್ಷ ದಾಟಿದವರೆಲ್ಲರಿಗೂ ಆದಾಯದ ಮಿತಿಯಿಲ್ಲದೆ 5 ಲಕ್ಷ ರೂಪಾಯಿಯ ರಕ್ಷಣೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಆರಂಭಿಸಿತು. ಅದರ ಜಾರಿಯ ಬಗೆ ರಾಜ್ಯದಿಂದ ರಾಜ್ಯಕ್ಕೆ ಭಿನ್ನ. ಖಾಸಗಿ ವಿಮೆ ಮಾಡಿಸುವವರು ಮಧುಮೇಹವನ್ನು ಅರ್ಜಿಯಲ್ಲಿ ಮರೆಮಾಚಬಾರದು. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿಯ ಮಿತಿಯನ್ನು 2024ರಲ್ಲಿ 48 ತಿಂಗಳಿನಿಂದ 36 ತಿಂಗಳಿಗೆ ಇಳಿಸಲಾಗಿದೆ. ಹೇಳಿದವನಿಗೆ ಕಾಯುವ ಕಷ್ಟ ಮಾತ್ರ. ಮುಚ್ಚಿಟ್ಟವನಿಗೆ ಬೇಡಿಕೆಯೇ ತಿರಸ್ಕೃತವಾಗುವ ನಷ್ಟ. ಕಾಲು ಕಳೆದುಕೊಂಡ ದುಡಿಯುವ ಮನುಷ್ಯನ ಮನೆಗೆ ಒದಗುವ ಖರ್ಚನ್ನು, ಅಂದರೆ ನಿಂತ ಸಂಪಾದನೆ, ಆರೈಕೆಗೆ ಒಬ್ಬರು, ಕೃತಕ ಕಾಲು ಇವನ್ನೆಲ್ಲ, ಕೂಡಿಸಿ ನೋಡಿದರೆ ಸಕಾಲದ ಚಿಕಿತ್ಸೆಯೇ ಮಿತವ್ಯಯ.

ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು

1. ಮಧುಮೇಹಿಗಳೂ ಧೂಮಪಾನಿಗಳೂ ದಿನಕ್ಕೊಮ್ಮೆ ಬೆಳಕಿನಲ್ಲಿ ಪಾದಗಳನ್ನು ನೋಡಿಕೊಳ್ಳಬೇಕು. ಅಂಗಾಲು ಕಾಣದಿದ್ದರೆ ಕನ್ನಡಿ ಇಟ್ಟು ನೋಡಬೇಕು, ಇಲ್ಲವೇ ಮನೆಯವರು ನೋಡಬೇಕು. ಬೆರಳ ಸಂದುಗಳನ್ನು ಮರೆಯಬಾರದು.

2. ಬರಿಗಾಲಲ್ಲಿ ನಡೆಯಬಾರದು. ದೇವಸ್ಥಾನದ ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಮಾಡಿ ಅಂಗಾಲು ಸುಟ್ಟುಕೊಂಡರೂ ಸ್ಪರ್ಶಹೀನರಿಗೆ ತಿಳಿಯುವುದಿಲ್ಲ. ಎಂ.ಸಿ.ಆರ್. ಎಂದು ಅಂಗಡಿಗಳಲ್ಲಿ ಕೇಳಿದರೆ ದೊರೆಯುವ ಮೆತ್ತನೆಯ ರಬ್ಬರಿನ ಚಪ್ಪಲಿ ಉತ್ತಮ.

3. ಕಾಲು ತಣ್ಣಗಿದೆಯೆಂದು ಬಿಸಿನೀರಿನ ಚೀಲ, ಕೆಂಡದ ಶಾಖ, ಬಿಸಿ ಮರಳು ಇವುಗಳಿಂದ ಕಾವು ಕೊಡಬಾರದು. ಹತ್ತಿಯ ಸಡಿಲ ಕಾಲುಚೀಲ ಸಾಕು.

4. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಉಗುರನ್ನು ನೇರವಾಗಿ ಕತ್ತರಿಸಬೇಕು, ಮೂಲೆಗಳನ್ನು ಅಗೆಯಬಾರದು.

5. ಹುಣ್ಣಿಗೆ ಸುಣ್ಣ, ಅರಿಸಿನ, ನಾಟಿ ಎಲೆಯ ರಸ ಹಚ್ಚಿ ದಿನ ಕಳೆಯಬಾರದು. ಹುಣ್ಣು ಒಂದೆರಡು ದಿನದಲ್ಲಿ ಒಣಗುವ ಲಕ್ಷಣ ತೋರದಿದ್ದರೆ ವೈದ್ಯರಿಗೆ ತೋರಿಸಬೇಕು.

6. ತಂಬಾಕು ಯಾವ ರೂಪದಲ್ಲಿಯೂ ಬೇಡ. ಜರ್ದಾ, ಗುಟ್ಕಾ, ನಶ್ಯ ಯಾವುದೂ ಇದಕ್ಕೆ ಹೊರತಲ್ಲ.

7. ಯಾರಾದರೂ ಕಾಲು ತೆಗೆಯಬೇಕೆಂದು ಹೇಳಿದರೆ, ಸೋಂಕಿನ ತುರ್ತು ಇಲ್ಲದಿದ್ದಲ್ಲಿ, ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಬೇಕು: ರಕ್ತಸಂಚಾರದ ಪರೀಕ್ಷೆ ಆಗಿದೆಯೇ? ನಾಳವನ್ನು ತೆರೆಯಲು ಸಾಧ್ಯವೇ? ರಕ್ತನಾಳ ತಜ್ಞರು ನೋಡಿದ್ದಾರೆಯೇ?

ಹಿರಿಯರು ತಮ್ಮ ಕಾಲಿನ ನೋವನ್ನು ತಾವಾಗಿ ಹೇಳುವುದು ಕಡಿಮೆ. ಮಕ್ಕಳಿಗೆ ತೊಂದರೆ, ಖರ್ಚು, ರಜೆ ಎಂದೆಲ್ಲ ಯೋಚಿಸಿ ನುಂಗಿಕೊಳ್ಳುತ್ತಾರೆ. ದೂರದ ಊರಿನಲ್ಲಿರುವವರು ವಾರಕ್ಕೊಮ್ಮೆ ದೂರವಾಣಿಯಲ್ಲಿ ಊಟ, ನಿದ್ದೆಗಳನ್ನು ವಿಚಾರಿಸುವಾಗ ‘ಎಷ್ಟು ದೂರ ನಡೆಯುತ್ತೀರಿ? ರಾತ್ರಿ ಕಾಲು ನೋಯುತ್ತದೆಯೇ? ಪಾದದಲ್ಲಿ ಗಾಯವೇನಾದರೂ ಇದೆಯೇ?’ ಎಂಬ ಮೂರು ಮಾತುಗಳನ್ನೂ ಸೇರಿಸಿಕೊಳ್ಳಬೇಕು. ಹಬ್ಬಕ್ಕೆ ಊರಿಗೆ ಹೋದಾಗ ಹಿರಿಯರ ಪಾದ ಮುಟ್ಟಿ ನಮಸ್ಕರಿಸುವುದು ಕನ್ನಡಿಗರ ಸಂಪ್ರದಾಯ. ಆ ಒಂದು ಕ್ಷಣ ಪಾದ ಬೆಚ್ಚಗಿದೆಯೋ ತಣ್ಣಗಿದೆಯೋ, ಬೆರಳುಗಳ ಬಣ್ಣ ಹೇಗಿದೆ ಎಂದು ಗಮನಿಸಿದರೆ, ಆ ಹಿರಿಯರು ಮುಂದಿನ ಹಬ್ಬಕ್ಕೂ ತಮ್ಮ ಕಾಲ ಮೇಲೆಯೇ ನಿಂತು ಆಶೀರ್ವದಿಸುವಂತೆ ಆದೀತು.